ಹೊಲಿದು ಮುಚ್ಚಿದ ಎಕ್ಸ್‌ರೇ ಯಂತ್ರ

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಬಸ್ ನಿಲ್ದಾಣದ ಎದುರಿನ ಟೈಲರ್ ಅಂಗಡಿಯಲ್ಲೂ ಎದ್ದಿತು. ಮುಂದೇನು? ಟೈಲರ ಮಗಳು ವಿಜ್ಞಾನ ಓದಿ ಪಾಸಾಗಿದ್ದಳು. ಎಕ್ಸ್‌ರೇ ತೆಗೆಯುವ ಕೋರ್ಸಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಅರ್ಜಿ ಹಾಕಲು ಸೋಮವಾರ ಕೊನೆಯ ದಿನ. ಅಪ್ಪ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

ಹಾಗಂತ ಟೈಲರಿಗೆ ಆಸ್ಪತ್ರೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಊರಿನ ಆಸ್ಪತ್ರೆಯವರು ಈಚೆಗೆ ಅವರನ್ನು ಕರೆಸಿ, ಒಂದು ಯಂತ್ರಕ್ಕೆ ಧೂಳು ಕೂರದಂತೆ ಹೊದಿಕೆ ಹೊಲಿಸಿದ್ದರು. "ಸದ್ಯಕ್ಕೆ ಇದನ್ನ ಯಾರೂ ತೆಗೆಯಲ್ಲ, ಗಟ್ಟಿಯಾಗಿ ಮುಚ್ಚಿಬಿಡಿ" ಎಂದಿದ್ದರು. ಟೈಲರು ದಪ್ಪ ನೀಲಿ ಬಟ್ಟೆಗೆ ಜೋಡಿ ಹೊಲಿಗೆ ಹಾಕಿ, ಕೆಳಗಿನ ಅಂಚನ್ನು ಅಲ್ಲೇ ನೆಲದ ಮೇಲೆ ಕೂತು ಕೈಯಿಂದ ಹೊಲಿದು ಮುಚ್ಚಿದ್ದರು. ಅದು ಯಾವ ಯಂತ್ರ, ಯಾಕೆ ಯಾರೂ ತೆಗೆಯುವುದಿಲ್ಲ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಬಂದ ಗಿರಾಕಿಗಳ ಮುಂದೆಲ್ಲ ಆ ಹೊದಿಕೆಯ ಬಗ್ಗೆ ಕೊಚ್ಚಿಕೊಂಡರು.

ಶುಕ್ರವಾರ ಅದೇ ಆಸ್ಪತ್ರೆಯ ನರ್ಸ್ ತಮ್ಮ ಸಮವಸ್ತ್ರ ಸಡಿಲ ಮಾಡಿಸಲು ಅಂಗಡಿಗೆ ಬಂದರು.

"ಸಿಸ್ಟರೇ, ಇವಳಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ," ಎಂದರು ಟೈಲರು. "ಆಸ್ಪತ್ರೆ ಅಂದ್ರೆ ಡಾಕ್ಟರು, ಇಲ್ಲ ನಿಮ್ಮ ಥರ ನರ್ಸು. ಇವಳು ಹೇಳೋದು ಅದೂ ಅಲ್ಲ, ಇದೂ ಅಲ್ಲ. ಎಲ್ಲಿದೆ ಕೆಲಸ?"

"ಟೈಲರಣ್ಣ, ಅಂಗಿ ಅಂದ್ರೆ ಬರೀ ಕಾಲರ್ರಾ? ತೋಳು, ಗುಂಡಿ, ಜೇಬು ಬೇಡ್ವಾ? ರಕ್ತ ಪರೀಕ್ಷೆ ಮಾಡೋರು, ಡಯಾಲಿಸಿಸ್ ನೋಡ್ಕೊಳ್ಳೋರು, ಔಷಧಿ ಕೊಡೋರು, ಬಿದ್ದೋರಿಗೆ ವ್ಯಾಯಾಮ ಕಲಿಸಿ ನಡೆಸೋರು, ಎಲ್ಲ ಸೇರಿದ್ರೇನೇ ಆಸ್ಪತ್ರೆ. ವಯಸ್ಸಾದೋರು ಹೆಚ್ಚಾಗ್ತಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ ಹೆಚ್ಚಾಗ್ತಿದೆ. ಸುತ್ತಮುತ್ತ ಹೊಸ ಆಸ್ಪತ್ರೆ ಏಳ್ತಾನೇ ಇವೆ. ದುಡ್ಡು ಕೊಟ್ರೆ ಮಷೀನು ಲಾರಿಲಿ ಬಂದು ಇಳಿಯುತ್ತೆ. ನಡೆಸೋರು ಹಾಗೆ ಬರಲ್ಲ, ಕಲಿತೇ ಬರಬೇಕು."

"ಆ ಕಿರಣ ದಿನಾ ಮೈಗೆ ಬಿದ್ರೆ ಏನು ಗತಿ?"

"ಮೈಗೆ ಬೀಳದ ಹಾಗೆ ನೋಡ್ಕೊಳ್ಳೋದನ್ನೇ ಮೊದಲು ಕಲಿಸ್ತಾರೆ. ಗೋಡೆ ಹಿಂದೆ ನಿಂತು ಬಟನ್ ಒತ್ತೋದು. ಬೇಕಾದಾಗ ಸೀಸದ ಏಪ್ರನ್ ಹಾಕ್ಕೋತಾರೆ. ಎಷ್ಟು ಕಿರಣ ತಾಗಿದೆ ಅಂತ ಅಳೆಯೋ ಬ್ಯಾಡ್ಜು ಎದೆ ಮೇಲೇ ಇರುತ್ತೆ."

"ಸೀಸದ ಏಪ್ರನ್ನಾ? ಯಾವ ಸೂಜಿ ಹೋಗುತ್ತೆ ಅದಕ್ಕೆ?"

ಮಗಳು ನಕ್ಕಳು. ಅಪ್ಪ ನಗಲಿಲ್ಲ. "ಸುಮ್ನೆ ಅಂಗಡಿಲಿ ಕೂತ್ಕೊಳ್ಳಲಿ" ಎಂದು ಮಾತು ಮುಗಿಸಿಬಿಟ್ಟರು. ಮಗಳ ಮುಖ ಸಪ್ಪಗಾಯಿತು.

ಮರುದಿನ ಮೇಲಿನ ಕಪಾಟಿನಿಂದ ಬಟ್ಟೆ ಇಳಿಸಲು ಹೋಗಿ ಟೈಲರು ಸ್ಟೂಲಿನಿಂದ ಬಿದ್ದರು. ಬಲಗೈ ಮಣಿಕಟ್ಟು ಊದಿಕೊಂಡಿತು. ಕತ್ತರಿ ಹಿಡಿಯುವ ಕೈ ಅದು. ಮಗಳು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಎಕ್ಸ್‌ರೇ ಬೇಕು. ಪಟ್ಟಣಕ್ಕೆ ಹೋಗಿ" ಎಂದರು ಡಾಕ್ಟರು.

"ಯಾಕೆ ಸಾರ್, ಇಲ್ಲಿ ಮಷೀನ್ ಇಲ್ವಾ?" ಎಂದು ಕೇಳಿದರು ಟೈಲರು.

"ಇದೆ, ನಡೆಸೋರಿಲ್ಲ. ಇದ್ದೋರು ನಿವೃತ್ತರಾದ್ರು. ಆಮೇಲೆ ಎಷ್ಟು ಸಲ ಕರೆದ್ರೂ ಕಲಿತೋರು ಯಾರೂ ಬಂದಿಲ್ಲ." ಡಾಕ್ಟರು ಎದುರಿನ ಕೋಣೆಯತ್ತ ಕೈ ತೋರಿಸಿದರು.

ಕೋಣೆಯಲ್ಲಿ ನೀಲಿ ಹೊದಿಕೆ ನಿಂತಿತ್ತು. ಟೈಲರು ಅಭ್ಯಾಸಬಲದಿಂದ ಹತ್ತಿರ ಹೋಗಿ ಎಡಗೈಯಲ್ಲಿ ಅಂಚು ಸವರಿ ನೋಡಿದರು. ಒಂದು ಎಳೆಯೂ ಬಿಟ್ಟಿರಲಿಲ್ಲ.

"ಎಲ್ಲಿದೆ ಕೆಲಸ ಅಂತ ಕೇಳಿದ್ಯಲ್ಲಪ್ಪ," ಎಂದಳು ಮಗಳು ಮೆಲ್ಲಗೆ. "ನೀನು ಹೊಲಿದ ಬಟ್ಟೆಯ ಒಳಗೇ ಇದೆ ನೋಡು."

ಟೈಲರಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಪಟ್ಟಣದ ಬಸ್ಸು ಎತ್ತಿಹಾಕಿದಾಗಲೆಲ್ಲ ಎರಡೂ ಒಟ್ಟಿಗೆ ಕಾಡಿದವು. ಪಟ್ಟಣದಲ್ಲಿ ಎಕ್ಸ್‌ರೇಗಾಗಿ ಮಧ್ಯಾಹ್ನದ ತನಕ ಸಾಲಿನಲ್ಲಿ ಕೂರಬೇಕಾಯಿತು. ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ವಾಪಸು ಬರುವಾಗ ಅವರೇ ಬಾಯಿ ಬಿಟ್ಟರು.

"ಸೋಮವಾರ ಹೇಗೂ ಅಂಗಡಿ ಮುಚ್ಚಿರುತ್ತೆ. ಇಬ್ಬರೂ ಹೋಗಿ ಅರ್ಜಿ ಹಾಕಿ ಬರೋಣ. ಅದಕ್ಕೆ ಮುಂಚೆ ಯಾವ ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆ ಅಂತ ಸಿಸ್ಟರನ್ನ ಕೇಳ್ಕೊ. ಅಳತೆ ತಪ್ಪಿದ್ರೆ ಬಟ್ಟೆ ಹಾಳು."

ಮನೆಯಲ್ಲಿ ವಿಷಯ ತಿಳಿದ ಹೆಂಡತಿ ಪ್ಲಾಸ್ಟರ್ ಕಡೆ ನೋಡುತ್ತ, "ನಾನು ಬಡ್ಕೊಂಡಾಗ ಕಿವಿಗೆ ಬೀಳಲಿಲ್ಲ, ಸ್ಟೂಲು ಹೇಳಿದ್ಮೇಲೆ ಕೇಳಿಸ್ತಾ?" ಎಂದರು.

ಮಗಳು ಕೋರ್ಸು ಮುಗಿಸಿ ಊರಿನ ಆಸ್ಪತ್ರೆಗೇ ಕೆಲಸಕ್ಕೆ ಬಂದಳು. ಯಂತ್ರವನ್ನು ಪರೀಕ್ಷಿಸಲು ಕಂಪನಿಯವರೂ ಬಂದರು. ಹೊದಿಕೆ ಮಾತ್ರ ಯಾರು ಎಳೆದರೂ ಜಗ್ಗಲಿಲ್ಲ. ಕೊನೆಗೆ ಟೈಲರಿಗೇ ಹೇಳಿಕಳಿಸಿದರು. ಅವರು ಕತ್ತರಿ ಹಿಡಿದು ಬಂದು, ಅದೇ ನೆಲದ ಮೇಲೆ ಕೂತು, ಒಂದೊಂದೇ ಹೊಲಿಗೆ ಬಿಚ್ಚಿದರು. ತಾವು ಹೊಲಿದದ್ದನ್ನು ತಾವೇ ಬಿಚ್ಚುವಾಗ ಅವರಿಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಓದು ಮುಗಿಸಿದ ಮಗನೋ ಮಗಳೋ ಇರಬಹುದು. ಒಂದು ದಿನ ಜೊತೆಗೆ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಯಾವ ಕೋಣೆಗೆ ಬೀಗ ಬಿದ್ದಿದೆ, ಯಾವ ಯಂತ್ರ ಮುಸುಕು ಹೊದ್ದು ಕೂತಿದೆ ಎಂದು ನೋಡಿ. ಅದನ್ನು ನಡೆಸಲು ಏನು ಓದಬೇಕು, ಮಾನ್ಯತೆಯಿರುವ ಕಾಲೇಜು ಯಾವುದು ಎಂದು ಅಲ್ಲಿನವರನ್ನೇ ಕೇಳಿ. ಮಕ್ಕಳು ಬೇಡ ಎಂದರೆ ಬಲವಂತ ಮಾಡಬೇಡಿ. ಬೇಕು ಎಂದರೆ ಅಡ್ಡ ನಿಲ್ಲಬೇಡಿ. ಸ್ಟೂಲಿನಿಂದ ಬೀಳುವ ತನಕ ಕಾಯಲೂ ಬೇಡಿ.