ಹಿಂದೆ ಕೂತವರ ಮಾತು

"ಬೈಕು ಇದೆಯೋ, ಮಾರಿಬಿಟ್ರೋ?"

ಹನುಮಾನ್ ಘಾಟಿನ ಮೆಟ್ಟಿಲ ಮೇಲೆ ನಿಂತು ಒದ್ದೆ ಪಂಚೆಯ ಅಂಚು ಹಿಂಡುತ್ತಿದ್ದ ಸುಧನ್ವನಿಗೆ ಈ ಮಾತು ತನಗೇ ಹೇಳಿದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೆಂಡತಿಯ ವರ್ಷಾಬ್ದಿಕದ ಪಿಂಡಗಳನ್ನು ಈಗಷ್ಟೇ ಗಂಗೆಗೆ ಬಿಟ್ಟು ಮೇಲೆ ಬಂದಿದ್ದ. ಪುರೋಹಿತರು ದರ್ಭೆ, ಎಳ್ಳಿನ ಡಬ್ಬಿ ಎತ್ತಿಡುತ್ತಿದ್ದರು. ಅತ್ತೆ ವಿಶಾಲಾಕ್ಷಮ್ಮ ಎರಡು ಮೆಟ್ಟಿಲು ಮೇಲೆ ಸೆರಗು ಹೊದ್ದು, ಅವನನ್ನಲ್ಲ, ನದಿಯನ್ನು ನೋಡುತ್ತ ನಿಂತಿದ್ದರು. ಮಗಳು ಸತ್ತ ದಿನದಿಂದ ಅಳಿಯನಿಗೆ ಮುಖ ಕೊಟ್ಟು ಮಾತಾಡದ ಹೆಂಗಸು. ಇವತ್ತೂ ಮುಖ ಕೊಡಲಿಲ್ಲ, ಮಾತು ಮಾತ್ರ ಆಡಿದರು.

"ಇದೆ ಅತ್ತೆ."

"ಹಾಗಾದ್ರೆ ನಾಳೆ ಬೆಳಿಗ್ಗೆ ತನ್ನಿ. ಶ್ರಾದ್ಧದ ದಿನ ಊರು ದಾಟೋ ಹಾಗಿಲ್ಲ. ನನ್ನ ಮಗಳ ಬೆನ್ನು ಮುರೀತಲ್ಲ, ಆ ರಸ್ತೆ ನಾನು ನೋಡ್ಬೇಕು."

"ಕಾರು ಮಾಡ್ಕೊಂಡು ಹೋಗೋಣ. ನಿಮ್ಮ ಮಂಡಿ..."

"ಕಾರಲ್ಲಿ ಹೋದ್ರೆ ನನಗೇನು ಗೊತ್ತಾಗತ್ತೆ ಮಣ್ಣು! ಅವಳು ಕೂತ ಜಾಗದಲ್ಲಿ ಕೂರ್ಬೇಕು ನಾನು."

ಅಷ್ಟು ಹೇಳಿ, ತಮ್ಮ ಯಾತ್ರೆಯ ಗುಂಪು ಇಳಿದುಕೊಂಡಿದ್ದ ಗಲ್ಲಿಯ ಕಡೆಗೆ ಗೋಡೆ ಹಿಡಿದು ನಡೆದೇಬಿಟ್ಟರು. ಅಳಿಯನ ಕ್ವಾರ್ಟರ್ಸ್ ವಿಶ್ವವಿದ್ಯಾಲಯದ ಒಳಗೆ, ರಿಕ್ಷಾ ಹತ್ತಿದರೆ ಹತ್ತಿರವೇ. ಆದರೆ ಆ ಮನೆಗೆ ಕಾಲಿಡುವುದಿಲ್ಲವೆಂದು ನಂಜನಗೂಡಿನಿಂದ ಹೊರಡುವ ಮೊದಲೇ ಅವರು ಹೇಳಿ ಕಳಿಸಿದ್ದರು.

ಸುಧನ್ವ ಹುಡುಗರಿಗೆ ರಸ್ತೆ ಕಟ್ಟುವ ಪಾಠ ಹೇಳುವ ಮೇಷ್ಟರು. ವಾರವೆಲ್ಲ ಜಲ್ಲಿ, ಡಾಂಬರು ಅಂತ ಕೊರೆದು, ಭಾನುವಾರ ಬಂತೆಂದರೆ ಬುಲೆಟ್ ಹತ್ತಿ ರಸ್ತೆಯನ್ನೇ ಹುಡುಕಿಕೊಂಡು ಹೋಗುತ್ತಾನೆಂದರೆ ನಗು ಬರುತ್ತದೆ. ಹೆಂಡತಿ ಅಪೂರ್ವಾ ಕೂಡ ನಗುತ್ತಿದ್ದಳು, ನಗುತ್ತಲೇ ಹಿಂದೆ ಹತ್ತಿ ಕೂರುತ್ತಿದ್ದಳು. ಬನಾರಸ್ಸಿನಿಂದ ದಕ್ಷಿಣಕ್ಕೆ ಗಂಗೆ ದಾಟಿ ಹೋದರೆ ವಿಂಧ್ಯದ ಗುಡ್ಡ ಶುರುವಾಗುತ್ತದೆ. ಅಲ್ಲಿನ ಕೋಟೆ, ನೀರು ಧುಮುಕುವ ಅಬ್ಬಿ, ಮಹುವಾ ಅನ್ನುವ ಇಪ್ಪೆ ಮರಗಳ ಕಾಡಿನ ನಡುವಿನ ಒಳದಾರಿಗಳನ್ನು ಹುಡುಕಿ, ಹೋಗಿ ಬಂದು, ಬೇರೆಯವರಿಗೂ ತಿಳಿಯಲೆಂದು ಇಂಟರ್ನೆಟ್ಟಿನಲ್ಲಿ ಬರೆಯುವ ಒಂದು ಗುಂಪು ಇತ್ತು. ಆಸ್ಪತ್ರೆಯ ಡಾಕ್ಟರುಗಳು, ಮೇಷ್ಟರುಗಳು, ಸೀರೆ ವ್ಯಾಪಾರದ ಒಬ್ಬಿಬ್ಬರು ಅದರಲ್ಲಿದ್ದರು.

ಆ ಗುಂಪಿಗೆ ಒಂದು ನೇಮ ಹಾಕಿಕೊಟ್ಟವಳು ಅಪೂರ್ವಾ. "ಮುಂದೆ ಕೂತವನಿಗೇನು, ಹ್ಯಾಂಡಲ್ ಇರತ್ತೆ. ಗುಂಡಿ ಬರೋದು ಮೊದಲೇ ಕಾಣತ್ತೆ, ಕಾಲೂರಿ ಏಳ್ತಾನೆ. ಹಿಂದೆ ಕೂತವಳಿಗೆ ಏನ್ ಕಾಣತ್ತೆ ಹೇಳಿ? ನಿಮ್ಮ ಬೆನ್ನು!" ಅಂದಿದ್ದಳು. ಅಂದಿನಿಂದ, ಹಿಂದಿನ ಸೀಟಿನಲ್ಲಿ ಒಬ್ಬರು ಕೂತು ಹೋಗಿ ಬಂದು 'ಹೂಂ' ಅನ್ನುವ ತನಕ ಯಾವ ದಾರಿಯನ್ನೂ ಒಳ್ಳೆಯದೆಂದು ಬರೆಯುವಂತಿರಲಿಲ್ಲ. ಬರೆದ ದಾರಿಯ ಕೆಳಗೆ ಹಿಂದೆ ಕೂತವರ ಹೆಸರೂ ಬೀಳುತ್ತಿತ್ತು. ಹೆಚ್ಚಿನ ಕಡೆ ಅದು ಅಪೂರ್ವಾಳ ಹೆಸರೇ. ಅವಳು ಹೂಂ ಅಂದ ದಾರಿಯಲ್ಲಿ ಜನ ಮಕ್ಕಳು ಮರಿ ಕಟ್ಟಿಕೊಂಡು ಧೈರ್ಯವಾಗಿ ಹೋಗುತ್ತಿದ್ದರು.

ಸಾಯುವುದಕ್ಕೆ ಒಂದು ವರ್ಷ ಹಿಂದಿನ ಚಳಿಗಾಲದಲ್ಲಿ ಅವಳು 'ಉಹೂಂ' ಅನ್ನತೊಡಗಿದಳು. ಮೊದಲು ಒಂದು ರಸ್ತೆಗೆ, ಆಮೇಲೆ ಇನ್ನೊಂದಕ್ಕೆ. ಬೆನ್ನು ನೋಯುತ್ತದೆ, ಈ ದಾರಿ ಬೇಡ ಅನ್ನುವಳು. ಸುಧನ್ವ ಕೂಡಲೇ ಗಾಡಿ ನಿಲ್ಲಿಸಿ, ಬಗ್ಗಿ ರಸ್ತೆ ನೋಡುವನು. ಕೆಳಗಿನ ಜಲ್ಲಿ ಕೂತಿಲ್ಲ, ಕಣ್ಣಿಗೆ ಕಾಣದ ಅಲೆ ಎದ್ದಿದೆ ಎಂದು ಏನಾದರೊಂದು ಕಾರಣ ಸಿಕ್ಕೇ ಸಿಗುತ್ತಿತ್ತು. ಓದಿದವನಿಗೆ ಕಾರಣಕ್ಕೇನು ಬರ! ನನ್ನ ಹೆಂಡತಿಯ ಬೆನ್ನು ನಮ್ಮ ಪ್ರಯೋಗಶಾಲೆಯ ಯಂತ್ರಕ್ಕಿಂತ ಚುರುಕು ಅಂತ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. ಅವಳು ಹಳೆಯ ಚೂಡಿದಾರದ ಬಟ್ಟೆಯಲ್ಲಿ ಒಂದು ಪುಟ್ಟ ದಿಂಬು ಹೊಲಿದು ಸೀಟಿಗೆ ಕಟ್ಟಿಕೊಂಡಳು. ಚುನಾರ್ ದಾಟಿ ಗುಡ್ಡ ಹತ್ತುವ ಶಕ್ತೇಶಗಢದ ದಾರಿಯಲ್ಲಂತೂ ಅಬ್ಬಿ ಸಿಗುವ ಮೊದಲೇ, ಒಂದು ಮಹುವಾ ಮರದ ಹತ್ತಿರ, "ಇನ್ನು ಆಗಲ್ಲ, ತಿರುಗಿಸಿ" ಅಂದಳು. ಸುಧನ್ವ ಅಂದು ಸಂಜೆ ಗುಂಪಿಗೆ ಬರೆದ: ಕೆಟ್ಟ ರಸ್ತೆ, ಹಿಂದೆ ಕೂರುವವರಿದ್ದರೆ ಹೋಗಬೇಡಿ.

ಮಳೆಗಾಲದಲ್ಲಿ ಅವಳ ಕಾಲು ಮರಗಟ್ಟಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆನ್ನುಮೂಳೆಯಲ್ಲಿ ಗಡ್ಡೆ. ನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಚಳಿಗಾಲದಿಂದ ಎಂದು ಅಪೂರ್ವಾಳೇ ಹೇಳಿದಳು. "ಆಗಲೇ ಬಂದಿದ್ದರೆ" ಎಂದು ಶುರು ಮಾಡಿದ ಡಾಕ್ಟರು ಆ ಮಾತನ್ನು ಮುಗಿಸಲಿಲ್ಲ. ಮಾಘದಲ್ಲಿ ಅವಳು ಹೋದಳು. ಮಣಿಕರ್ಣಿಕೆಯಲ್ಲಿ ಸಂಸ್ಕಾರ ಮುಗಿಸಿ ತಲೆ ಬೋಳಿಸಿಕೊಂಡು ಬಂದ ಅಳಿಯನನ್ನು ವಿಶಾಲಾಕ್ಷಮ್ಮ ಬಾಗಿಲಲ್ಲೇ ತಡೆದು, ನೆರೆದವರ ಎದುರು ಅಂದರು: "ಗುಂಡಿ ಗೊಟರು ಅನ್ನದೆ ಕುಕ್ಕಿ ಕುಕ್ಕಿ ನನ್ನ ಮಗಳ ಬೆನ್ನು ಮುರಿದ್ರಿ. ಈಗ ತಣ್ಣಗಾಯ್ತಾ ಹೊಟ್ಟೆ?"

ಬೈಕಿನಿಂದ ಆ ಕಾಯಿಲೆ ಬರುವುದಿಲ್ಲ ಎಂದು ಯಾರೋ ಸಮಾಧಾನ ಹೇಳಹೋದರು. ಸುಧನ್ವ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಬೈಗುಳ ಅವನಿಗೆ ಬೇಕಾಗಿತ್ತು. ರಸ್ತೆ ಕೆಟ್ಟದ್ದಾಗಿದ್ದರೆ ಅವನ ತಪ್ಪು ಅಷ್ಟಕ್ಕೇ ನಿಲ್ಲುತ್ತಿತ್ತು. ರಸ್ತೆ ಚೆನ್ನಾಗಿತ್ತು ಎಂದಾದರೆ? ಆ ಯೋಚನೆಯ ಹತ್ತಿರ ಹೋಗಲು ಅವನಿಗೆ ಹೆದರಿಕೆ. ವರ್ಷವೆಲ್ಲ ಚುನಾರಿನ ಕಡೆ ಮುಖ ಹಾಕಿರಲಿಲ್ಲ.

ಶ್ರಾದ್ಧಕ್ಕೆ ಒಂದು ವಾರದ ಮೊದಲು, ಮಕ್ಕಳ ವಿಭಾಗದ ಡಾಕ್ಟರು, ಹುಬ್ಬಳ್ಳಿಯ ಹರ್ಷಾ, ದಾರಿಯಲ್ಲಿ ತಡೆದು ನಿಲ್ಲಿಸಿದ್ದ. "ಸರ, ಆ ಶಕ್ತೇಶಗಢದ ರೋಡ್ ಕೆಟ್ಟದ ಅಂತ ಯಾಕ ಬರದೀರಿ? ಭಾಳ ಛಲೋ ಅದರೀ! ನಮ್ಮ ರೇಖಾ ಹಿಂದ ಕೂತು ನಿದ್ದಿ ಹೊಡದ್ಲು ನೋಡ್ರಿ. ಆ ಮಾತು ತಗದುಬಿಡ್ರಿ, ಮಂದಿ ಸುಮ್ನ ತಪ್ಪಿಸ್ಕೊಳ್ಳಾಕತ್ತಾರ."

"ಹೊಸದಾಗಿ ಡಾಂಬರು ಹಾಕಿರಬೇಕು" ಎಂದಿದ್ದ ಸುಧನ್ವ. ಆ ಒಂದು ಮಾತನ್ನೇ ಜಪದಂತೆ ಹಿಡಿದುಕೊಂಡು ಒಂದು ವಾರ ಕಳೆದ.

ಮರುದಿನ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಬುಲೆಟ್ ನಿಂತಾಗ ವಿಶಾಲಾಕ್ಷಮ್ಮ ತಯಾರಾಗಿ ಕಾಯುತ್ತಿದ್ದರು. ಮಗಳ ಹೆಲ್ಮೆಟ್ಟಿಗೆ ತುರುಬು ಅಡ್ಡ ಬಂತು. ಬಿಚ್ಚಿ, ನರೆತ ಜಡೆಯನ್ನು ಬೆನ್ನಿಗೆ ಬಿಟ್ಟುಕೊಂಡರು. ಸೀಟಿನ ಮೇಲೆ ಕಟ್ಟಿದ್ದ ದಿಂಬನ್ನು ಗಮನಿಸಿದರು. ಅದನ್ನು ಬಿಚ್ಚಲು ಸುಧನ್ವನಿಗೆ ಈವರೆಗೂ ಕೈ ಬಂದಿರಲಿಲ್ಲ. ಅವರು ಒಂದು ಬದಿಗೆ ಕಾಲು ಹಾಕಿ ಕೂತು, ಅಳಿಯನ ಭುಜ ಮುಟ್ಟದೆ, ಹಿಂದಿನ ಕಬ್ಬಿಣದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ಸಾಮನೇ ಘಾಟಿನಲ್ಲಿ ತೇಲುವ ಪೀಪೆಗಳ ಮೇಲೆ ಕಟ್ಟಿದ್ದ ಸೇತುವೆಯ ಹಲಗೆಗಳು ದಡದಡ ಅಂದವು. ಹಿಂದಿನಿಂದ "ಶಿವ ಶಿವಾ" ಎಂಬ ಸದ್ದು ಬಂತು. ಗಂಗೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ರಾಮನಗರ ಕಳೆದು, ಲಾರಿಗಳ ನಡುವೆ ನುಸುಳಿ, ಚುನಾರ್ ತಲುಪುವ ಹೊತ್ತಿಗೆ ಬಿಸಿಲು ಬಂದಿತ್ತು. ರಸ್ತೆಬದಿಯ ಅಂಗಡಿಗಳಲ್ಲಿ ಬಣ್ಣ ಬಳಿಯದ ಬಿಳಿ ಗಣಪತಿಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಅಲ್ಲಿಂದ ಎಡಕ್ಕೆ ತಿರುಗಿ ಗುಡ್ಡದ ದಾರಿ ಹಿಡಿದ ಮೇಲೆ ಸುಧನ್ವ ಕಾಡು ನೋಡಲಿಲ್ಲ, ಹೂ ಬಿಟ್ಟ ಮುತ್ತುಗವನ್ನೂ ನೋಡಲಿಲ್ಲ. ಚಕ್ರದ ಮುಂದಿನ ಡಾಂಬರನ್ನೇ ನೋಡುತ್ತ ಹೋದ. ಎಲ್ಲಾದರೂ ಕಪ್ಪಗೆ ಇದೆಯೇ? ಹೊಸ ಜಲ್ಲಿಯ ರಾಶಿ, ಖಾಲಿ ಡ್ರಮ್ಮು, ಬಳಿದ ಅಂಚು? ಏನೂ ಇರಲಿಲ್ಲ. ಬಿಸಿಲು ಮಳೆ ಕುಡಿದು ಬೂದಿ ಬಣ್ಣಕ್ಕೆ ತಿರುಗಿದ ಹಳೆಯ ಡಾಂಬರು. ಅಂಚಿನಲ್ಲಿ ಹುಲ್ಲು ಬೇರೂರಿತ್ತು. ಎಷ್ಟೋ ವರ್ಷ ಯಾರೂ ಕೈ ಹಾಕದ, ಆದರೂ ಒಂದು ಬಿರುಕಿಲ್ಲದ ರಸ್ತೆ. ಹಾಗೆ ಕಟ್ಟಿದವನು ಯಾರೋ ಪುಣ್ಯಾತ್ಮ. ಬುಲೆಟ್ ಅದರ ಮೇಲೆ ತೇಲಿಕೊಂಡು ಹೋಗುತ್ತಿತ್ತು, ಸುಧನ್ವನ ಎದೆ ಕುಸಿಯುತ್ತಿತ್ತು.

ಮಹುವಾ ಮರದ ಹತ್ತಿರ ನಿಲ್ಲಿಸಿದ. "ಇಲ್ಲಿಂದ ವಾಪಸ್ ಹೋದ್ವಿ."

ವಿಶಾಲಾಕ್ಷಮ್ಮ ಇಳಿದು, ಸೀರೆ ಸರಿಮಾಡಿಕೊಂಡು, ಬಂದ ದಾರಿಯನ್ನೂ ಹೋಗುವ ದಾರಿಯನ್ನೂ ದಿಟ್ಟಿಸಿದರು. ಮರದ ಕೆಳಗಿನ ಕೈಪಂಪಿನಲ್ಲಿ ಕೊಡ ತುಂಬುತ್ತಿದ್ದ ಹೆಂಗಸೊಬ್ಬಳು ಹಿಡಿಕೆ ಒತ್ತಿ, "ಪೀ ಲೀಂ ಮಾಈ, ಠಂಢಾ ಬಾ" ಎಂದು ತಣ್ಣನೆಯ ನೀರು ಕುಡಿಯಲು ಕರೆದಳು. ಅವರು ಬೊಗಸೆಯೊಡ್ಡಿ ಕುಡಿದು, ಮುಖ ಒರೆಸಿಕೊಂಡು ಬಂದರು.

"ಕೆಟ್ಟ ರಸ್ತೆ ಇನ್ನೂ ಮುಂದಿದೆಯಾ?"

"ಇದೇ ಅತ್ತೆ."

"ಇದಾ? ಇದು ಚೆನ್ನಾಗೇ ಇದೆಯಲ್ಲ! ಸೇತುವೆ ಬಿಟ್ರೆ ಒಂದು ಕುಲುಕು ಕಾಣ್ಲಿಲ್ಲ ನಾನು." ಮೊದಲ ಬಾರಿಗೆ ಅವನ ಮುಖ ನೋಡಿದರು. "ಆಮೇಲೆ ರಿಪೇರಿ ಮಾಡಿದ್ರಾ?"

ಹೂಂ ಅಂದರೆ ಸಾಕಿತ್ತು. ಅವರು ಇನ್ನೊಂದಿಷ್ಟು ಬೈದು, ಅದೇ ಸಿಟ್ಟನ್ನು ಕಟ್ಟಿಕೊಂಡು ನಂಜನಗೂಡಿನ ರೈಲು ಹತ್ತುತ್ತಿದ್ದರು. ಅವನು ಎಂದಿನಂತೆ ತಲೆ ತಗ್ಗಿಸಿ ಬದುಕಬಹುದಿತ್ತು. ರಸ್ತೆಯ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರು ಯಾರು?

"ಇಲ್ಲ ಅತ್ತೆ" ಎಂದ. "ಹಳೇ ಡಾಂಬರು. ಅವತ್ತೂ ಹೀಗೇ ಇತ್ತು. ಎಲ್ಲ ರಸ್ತೆನೂ ಚೆನ್ನಾಗೇ ಇತ್ತೇನೋ. ಅವಳು ಬೆನ್ನು ನೋವು, ಬೆನ್ನು ನೋವು ಅಂತಾನೇ ಇದ್ಲು. ನಾನು ಇಳಿದು ರಸ್ತೆ ನೋಡ್ದೆ. ಅವಳ ಬೆನ್ನು ನೋಡ್ಲಿಲ್ಲ. ಚಳಿಗಾಲ ಪೂರ್ತಿ ನಾನು ರಸ್ತೇನೇ ನೋಡ್ತಿದ್ದೆ..."

ಗಾಡಿಯ ಟ್ಯಾಂಕಿನ ಮೇಲೆ ಎರಡೂ ಕೈ ಊರಿ, ಪಂಪಿನ ಬಳಿ ಹೆಂಗಸಿದ್ದಾಳೆಂಬ ನಾಚಿಕೆಯನ್ನೂ ಬಿಟ್ಟು, ಅತ್ತ. ಅವಳು ಕೊಡ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದಳು.

ವಿಶಾಲಾಕ್ಷಮ್ಮ ಮರದ ಬೇರಿನ ಮೇಲೆ ಕುಸಿದು ಕೂತಿದ್ದರು. ಬೈಗುಳಕ್ಕೆ ಕಾಯುತ್ತಿದ್ದ ಸುಧನ್ವನಿಗೆ ಅವರ ದನಿಯೇ ಬೇರೆಯಾಗಿ ಕೇಳಿಸಿತು.

"ಸಂಕ್ರಾಂತಿಗೆ ಫೋನ್ ಮಾಡಿದ್ಲು. 'ಅಮ್ಮ, ಮಲಗಿದ್ರೂ ನೋಯತ್ತೆ ಕಣೇ' ಅಂದ್ಲು. ಮಲಗಿದ್ರೂ ಅಂದ್ಲು ಕಣಪ್ಪ! ಮಲಗಿದಾಗ ಎಲ್ಲಿಂದ ಬರತ್ತೆ ಬೈಕು? ನನಗೆ ಹೊಳೀಲಿಲ್ಲ. 'ಗಂಡಸರ ಹಾಗೆ ಗಾಡಿ ಮೇಲೆ ಅಲೀಬೇಡ, ತಾನೇ ಹೋಗತ್ತೆ' ಅಂತ ಬೈದು ಇಟ್ಬಿಟ್ಟೆ. ಆಮೇಲೆ ಅವಳು ನೋವಿನ ಮಾತೇ ಎತ್ತಲಿಲ್ಲ." ಸೆರಗಿನಿಂದ ಕಣ್ಣೊತ್ತಿಕೊಂಡರು. "ನಿನ್ನೆ ಗಂಗೇಲಿ ನಿಂತು ಏನು ಬೇಡ್ಕೊಂಡೆ ಗೊತ್ತಾ? ರಸ್ತೆ ಕೆಟ್ಟಿರ್ಲಪ್ಪ ದೇವ್ರೇ, ತುಂಬಾ ಕೆಟ್ಟಿರ್ಲಿ, ಅಂತ."

ಸುಧನ್ವ ಹೋಗಿ ಅದೇ ಬೇರಿನ ಮೇಲೆ, ಸ್ವಲ್ಪ ಜಾಗ ಬಿಟ್ಟು ಕೂತ. ಮೇಕೆ ಹಿಂಡೊಂದು ರಸ್ತೆ ದಾಟಿ ಕಾಡಿಗೆ ಇಳಿಯಿತು.

"ಈ ದಾರಿ ಎಲ್ಲಿಗೆ ಹೋಗತ್ತೆ?" ಕೊನೆಗೆ ವಿಶಾಲಾಕ್ಷಮ್ಮನೇ ಕೇಳಿದರು.

"ಮೇಲೊಂದು ಅಬ್ಬಿ ಇದೆ. ನಾವು ನೋಡ್ಲಿಲ್ಲ. ಈಗ ನೀರಿರಲ್ಲವೇನೋ."

"ನೀರಿಲ್ದಿದ್ರೆ ಬಂಡೆ ನೋಡೋಣ. ಏಳಪ್ಪ."

ಹತ್ತುವ ಮೊದಲು ಅವರು ಸೀಟಿನ ದಿಂಬನ್ನು ಬಿಚ್ಚಿದರು. ಗಂಟು ಬಿಗಿದಿತ್ತು, ಉಗುರಿನಿಂದ ಕೀಳಬೇಕಾಯಿತು. ದಿಂಬನ್ನು ಮಡಿಲಲ್ಲಿಟ್ಟುಕೊಂಡು ಬರೀ ಸೀಟಿನ ಮೇಲೆ ಕೂತು, ಒಂದು ಕೈಯನ್ನು ಅಳಿಯನ ಭುಜದ ಮೇಲೆ ಇಟ್ಟರು. ಸುಧನ್ವ ಗಾಡಿಯನ್ನು ಮೆಲ್ಲಗೆ ಏರು ಹತ್ತಿಸಿದ. ಮೊದಲ ತಿರುವಿನಲ್ಲೇ ಕತ್ತು ಹೊರಳಿಸಿ ಕೇಳಿದ.

"ಎಲ್ಲಾದ್ರೂ ನೋಯ್ತಿದೆಯಾ ಅತ್ತೆ?"

"ಮಂಡಿ, ಸ್ವಲ್ಪ. ಪರವಾಗಿಲ್ಲ, ನಡಿ."

ಅವನು ನಡೆಸಲಿಲ್ಲ. ಇಂಜಿನ್ ಆರಿಸಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ಅವರ ಕೈ ಹಿಡಿದು ಇಳಿಸಿ ರಸ್ತೆಬದಿಯ ಚಪ್ಪಟೆ ಬಂಡೆಯ ಮೇಲೆ ಕೂರಿಸಿದ. ನೋಯುವ ಕಾಲನ್ನು ಮೆಲ್ಲಗೆ ನೀಡಿಸಿ, ಅಪೂರ್ವಾ ಹೊಲಿದ ದಿಂಬನ್ನು ಮಂಡಿಯ ಕೆಳಗೆ ಇಟ್ಟ. ಆಮೇಲೆ ಅವರ ಪಕ್ಕದಲ್ಲೇ ಕೂತ. ಎದುರಿಗೆ ರಸ್ತೆ ನುಣ್ಣಗೆ ಮೇಲೇರಿ ಮುತ್ತುಗದ ಮರಗಳ ನಡುವೆ ತಿರುಗಿಕೊಂಡಿತ್ತು.