ಮೊದಲೇ ಆಡಿದ ಜಗಳ

ಅಪ್ಪನ ವರ್ಗದ ಸುದ್ದಿ ಅಪ್ಪನ ಬಾಯಿಗಿಂತ ಮೊದಲು ಅಮ್ಮನ ಅಡುಗೆಮನೆಗೆ ಬರುತ್ತಿತ್ತು. ಮೂಟೆಗಟ್ಟಲೆ ಅಕ್ಕಿ, ಡಬ್ಬಗಟ್ಟಲೆ ಎಣ್ಣೆ ತರುತ್ತಿದ್ದವಳು ಇದ್ದಕ್ಕಿದ್ದಂತೆ ಅಂಗೈಯಗಲದ ಪೊಟ್ಟಣ ತಂದಳೆಂದರೆ ಮುಗಿಯಿತು, ಇನ್ನು ಒಂದೂವರೆ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ತಿನ್ನುವ ಸಾಮಾನನ್ನು ಹಡಗಿಗೆ ಹಾಕುವಂತಿಲ್ಲ, ಎಸೆಯಲು ಅಮ್ಮನಿಗೆ ಮನಸ್ಸು ಬಾರದು. ಸೈನ್ಯದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪ ಬಾಯಿಬಿಡುವ ಹೊತ್ತಿಗೆ ಪುಟ್ಟಿಗೆ ಎಲ್ಲ ಗೊತ್ತಾಗಿರುತ್ತಿತ್ತು. ಹನ್ನೆರಡು ವರ್ಷಕ್ಕೆ ಮೂರು ದೇಶ, ಐದು ಶಾಲೆ ಕಂಡ ಹುಡುಗಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಇನ್ನೊಂದು ವಿದ್ಯೆಯನ್ನು ಅವಳು ತಾನಾಗಿಯೇ ಕಲಿತಿದ್ದಳು. ಹೊರಡುವ ಮೊದಲು ಗೆಳತಿಯ ಜೊತೆ ಕಾಲು ಕೆರೆದು ಜಗಳ ತೆಗೆಯುವುದು. ಮಾತು ಬಿಟ್ಟವರನ್ನು ಬಿಟ್ಟುಹೋಗುವುದು ಸುಲಭ. ಗೇಟಿನ ಹತ್ತಿರ ನಿಂತು ಮೂಗು ಒರೆಸಿಕೊಳ್ಳುವ ರಗಳೆಯೇ ಇಲ್ಲ. ಈ ಉಪಾಯ ಅವಳಿಗೆ ಅಲ್ಲಿಯವರೆಗೆ ಕೈಕೊಟ್ಟಿರಲಿಲ್ಲ.

ಐದನೆಯ ಶಾಲೆಯಲ್ಲಿ ಗುಂಗುರಿ ಇದ್ದಳು. ಸೈನ್ಯದ ಕ್ಯಾಂಪಿನ ಬೇಲಿಯಾಚೆ ಬೇಕರಿ ಇಟ್ಟಿದ್ದವನ ಮಗಳು; ಅವಳ ಗುಂಗುರು ಕೂದಲಿಗೆ ಎಂಥ ಬಾಚಣಿಗೆಯೂ ಶರಣಾಗುತ್ತಿತ್ತು. ಆ ಊರಿನ ಭಾಷೆ ಬಾರದೆ ಪುಟ್ಟಿ ತಡವರಿಸಿದಾಗ ಇಡೀ ಕ್ಲಾಸು ನಕ್ಕಿತ್ತು. ಸರಿದು ಕೂತು ಬೆಂಚಿನಲ್ಲಿ ಜಾಗ ಕೊಟ್ಟವಳು, ಆಮೇಲೆ ಒಂದೊಂದೇ ಮಾತು ಹೇಳಿಕೊಟ್ಟವಳು ಗುಂಗುರಿ. ದಿನವೂ ಒಂದು ಬನ್ನು ತಂದು ಎರಡು ಮಾಡುತ್ತಿದ್ದಳು. ದೊಡ್ಡ ತುಂಡು ಯಾರಿಗೆಂದು ಕಿತ್ತಾಡಿ, ಕೊನೆಗೆ ಒಬ್ಬರಿಗೊಬ್ಬರು ಅದನ್ನೇ ಬಲವಂತವಾಗಿ ತಿನ್ನಿಸುತ್ತಿದ್ದರು.

ಒಂದು ದಿನ ಅಮ್ಮ ಅಂಗಡಿಯಿಂದ ಬಂದು ಚೀಲವನ್ನು ಮೇಜಿನ ಮೇಲೆ ಸುರಿದಳು. ಎಲ್ಲವೂ ಸಣ್ಣ ಪೊಟ್ಟಣ. ಪುಟ್ಟಿ ಒಂದೂವರೆ ತಿಂಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಅವಳು ಏನೂ ಕೇಳಲಿಲ್ಲ. ಕೇಳಿ ಕೇಳಿ ಆ ಮನೆಯಲ್ಲಿ ಎಲ್ಲರಿಗೂ ಸಾಕಾಗಿತ್ತು.

ಮಾರನೆಯ ದಿನ ಗುಂಗುರಿ ಬನ್ನು ಮುರಿದು ಕೊಟ್ಟಾಗ ಪುಟ್ಟಿ ಅದನ್ನು ಆಚೆ ತಳ್ಳಿದಳು.

"ನಿಮ್ಮಪ್ಪನ ಅಂಗಡೀಲಿ ಮಾರಾಟವಾಗದೆ ಉಳಿದಿದ್ದನ್ನ ತಿನ್ನೋಕೆ ನಾನೇನು ಗತಿಗೆಟ್ಟವಳಾ?"

ಗುಂಗುರಿ ಕಲಿಸಿದ ಭಾಷೆಯಲ್ಲೇ ಹೇಳಿದಳು. ಒಂದು ತಪ್ಪೂ ಆಗಲಿಲ್ಲ. ಗುಂಗುರಿ ಅವಳ ಮುಖವನ್ನೊಮ್ಮೆ ನೋಡಿ, ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು.

ಒಂದೂವರೆ ತಿಂಗಳಾಯಿತು, ಎರಡೂ ಆಯಿತು. ಅಪ್ಪ ಚಕಾರವೆತ್ತಲಿಲ್ಲ. ಕೊನೆಗೆ ಪುಟ್ಟಿಯೇ ಕೇಳಿದಳು.

"ಅಮ್ಮಾ, ಯಾವಾಗ ಹೊರಡೋದು?"

"ಎಲ್ಲಿಗೆ? ಅಪ್ಪಂಗೆ ಇನ್ನೊಂದು ವರ್ಷ ಇಲ್ಲೇ ಅಂತೆ."

"ಮತ್ತೆ ಎಲ್ಲಾ ಸಣ್ಣ ಪೊಟ್ಟಣ ತಂದಿದ್ದೆ?"

"ಸೊಂಟ ಹಿಡ್ಕೊಂಡಿದೆ ಕಣೇ. ನಾಲ್ಕು ಮಹಡಿ ಯಾರು ಹೊತ್ಕೊಂಡು ಹತ್ತೋರು?" ಎಂದು ಅಮ್ಮ ಗೋಡೆಗೆ ಒರಗಿ ಕುಳಿತಳು.

ಪುಟ್ಟಿ ಬಿದ್ದಂಬೀಳ ಬೇಕರಿಗೆ ಓಡಿದಳು. ಗುಂಗುರಿ ಟ್ರೇ ಒರೆಸುತ್ತಿದ್ದಳು. ಪುಟ್ಟಿ ಉಸಿರು ಬಿಡದೆ ಎಲ್ಲ ಹೇಳಿದಳು: ಪೊಟ್ಟಣದ ಲೆಕ್ಕಾಚಾರ, ಬೇಕೆಂದೇ ತೆಗೆದ ಜಗಳ, ತಪ್ಪಾಯ್ತು, ಇನ್ನೊಂದು ವರ್ಷ ಇರ್ತೀವಿ.

ಗುಂಗುರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀನು ಹೋಗ್ತೀಯ ಅಂತ ಅವತ್ತೇ ಗೊತ್ತಾಯ್ತು. ನಿನಗಿಂತ ಮೊದಲು ಕ್ಯಾಂಪಿನವರು ಇನ್ನಿಬ್ಬರು ಇದ್ರು, ಅವರೂ ಹೀಗೇ ಜಗಳ ಆಡಿ ಹೋದ್ರು," ಎಂದಳು. "ನಿನಗೋಸ್ಕರ ಅತ್ತು ಮುಗಿಸಿದೀನಿ ಕಣೇ. ಮುಂದಿನ ವರ್ಷ ಮತ್ತೆ ಮೊದಲಿಂದ ಅಳೋಕೆ ನನ್ ಕೈಲಾಗಲ್ಲ."

ಆ ವರ್ಷ ಎಷ್ಟು ಉದ್ದವಿತ್ತೆಂದು ಪುಟ್ಟಿ ತಲೆ ನರೆತ ಮೇಲೂ ಯಾರಿಗೂ ಹೇಳಿಲ್ಲ. ನಿಜವಾದ ಆದೇಶ ಬಂದು ಹೊರಡುವ ದಿನ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತವಳು ಅವಳೇ.

"ನೋಡೇ, ನನ್ ಮಗಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಸಿಪಾಯಿ ಅಂದ್ರೆ ಇವಳು!" ಎಂದು ಅಪ್ಪ ಹೆಮ್ಮೆಯಿಂದ ಬೀಗಿದ.

ಅಮ್ಮ ಮಗಳ ಮುಖವನ್ನು ನೋಡಿದಳು. ಅಷ್ಟು ವರ್ಷದಲ್ಲಿ ಯಾವ ಊರು ಬಿಡುವಾಗಲೂ ಅಳದಿದ್ದ ಅಮ್ಮ ಅವತ್ತು ಅತ್ತಳು.