ಗೆಳೆಯರಿದ್ದಾಗ ತೆರೆದಿದ್ದ ಬಾಗಿಲು

ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಗಂಡನಷ್ಟೇ ಅವನ ಗೆಳೆಯರೂ ಹಿಡಿಸಿದ್ದರು. ಶಾಲೆಯ ಚೆಂಡಾಟದ ತಂಡದಲ್ಲಿ ಒಟ್ಟಿಗೆ ಬೆಳೆದ ಮೂವರು. ಗಂಡ ಈಗ ಟೈರ್ ಅಂಗಡಿ ನಡೆಸುತ್ತಿದ್ದರೂ ಎಲ್ಲರಿಗೂ ಇನ್ನೂ ಕ್ಯಾಪ್ಟನ್ನೇ. ಒಬ್ಬ ಸಿಟಿ ಬಸ್ಸಿನ ಡ್ರೈವರ್. ಇನ್ನೊಬ್ಬ ಔಷಧಿ ಅಂಗಡಿಯ ಕುಳ್ಳ. ಭಾನುವಾರ ಮಧ್ಯಾಹ್ನ ಮೂವರೂ ಸೇರಿದರೆ ಮನೆಯ ಸೂರು ಹಾರಿಹೋಗುವಷ್ಟು ನಗು.

ನಗುವುದಕ್ಕೆ ಇದ್ದದ್ದೆಲ್ಲ ಹಳೆಯ ಸರಕು. ಗೋಡೆ ಮೇಲೆ ಕೂತು ಹೋಗಿಬರುವ ಹುಡುಗಿಯರಿಗೆ ಅಂಕ ಕೊಡುತ್ತಿದ್ದದ್ದು, ಯಾವಳನ್ನು ಹೇಗೆ ಅಳಿಸಿದ್ದು. ಒಮ್ಮೆ ಕುಳ್ಳ, ಕಾಲು ಉಳುಕಿದ ಹುಡುಗಿಯೊಬ್ಬಳ ಚೀಲ ಹೊತ್ತು ಅವಳನ್ನು ಮನೆಗೆ ಬಿಟ್ಟುಬಂದಿದ್ದನಂತೆ. ಆವತ್ತಿನಿಂದ ಅವನ ಹೆಸರು 'ಕೂಲಿ'. ಆಟದಲ್ಲಿ ಯಾರೂ ಅವನಿಗೆ ಚೆಂಡು ಕೊಡಲಿಲ್ಲ.

"ನೀನು ಆ ಹುಡುಗಿಗೆ ಎಲ್ಲರೆದುರು ಬೈದ ಮೇಲಲ್ವೇನೋ ನಿನ್ನ ಟೀಮಿಗೆ ವಾಪಸ್ ತಗೊಂಡಿದ್ದು?" ಎಂದು ಡ್ರೈವರ್ ತೊಡೆ ತಟ್ಟಿದ. ಕುಳ್ಳನೂ ನಕ್ಕ.

ಚಹಾ ಕೊಡುತ್ತಿದ್ದ ಅವಳು ಕುಳ್ಳನ ಕಡೆ ನೋಡಿ, "ಪಾಪ, ಅಣ್ಣ ಮಾಡಿದ್ದರಲ್ಲಿ ತಪ್ಪೇನಿತ್ತು?" ಎಂದಳು.

ಕ್ಯಾಪ್ಟನ್ ಆಗಲೂ ನಗುತ್ತಲೇ ಇದ್ದ. ಗೆಳೆಯರನ್ನು ಬೀದಿಯವರೆಗೆ ಕಳಿಸಿಕೊಟ್ಟು ಬಂದು, ಚಿಲಕ ಹಾಕಿ, "ಅವರ ಮುಂದೆ ನನಗೆ ಬುದ್ಧಿ ಹೇಳ್ತೀಯಾ?" ಎಂದು ಕೆನ್ನೆಗೆ ಬಾರಿಸಿದ. ಅದು ಮೊದಲನೆಯದು.

ಆಮೇಲೆ ಊರೇ ಕಿರಿದಾಗುತ್ತ ಬಂತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸ ಅವಳದು. ಹೋಗಿಬರುವ ಬಸ್ಸು ಡ್ರೈವರನದು; ಒಂದು ಸ್ಟಾಪ್ ಮೊದಲೇ ಇಳಿದರೂ ಅವಳು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿರುತ್ತಿತ್ತು. ತವರಿನಲ್ಲಿ ಹೇಳಿಕೊಂಡರೆ ಅಮ್ಮ, "ಕುಡಿಯಲ್ಲ, ದುಡೀತಾನೆ, ಇನ್ನೇನು ಬೇಕೇ ನಿಂಗೆ?" ಎಂದುಬಿಟ್ಟಳು. ಮುಲಾಮಿಗೂ ಕುಳ್ಳನ ಅಂಗಡಿಗೇ ಹೋಗಬೇಕು. "ಇಸ್ತ್ರಿಪೆಟ್ಟಿಗೆ ತಗುಲ್ತು" ಎನ್ನುತ್ತಿದ್ದಳು. ಅವನು ಅವಳ ಕತ್ತನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಪೊಟ್ಟಣ ಕಟ್ಟುತ್ತಿದ್ದ.

ಒಂದು ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಣ್ಣಾ, ಇದು ಇಸ್ತ್ರಿಪೆಟ್ಟಿಗೆ ಅಲ್ಲ. ನಿಮಗೂ ಗೊತ್ತು. ನೀವೊಂದು ಮಾತು ಹೇಳಿ ಅವರಿಗೆ."

ಕುಳ್ಳ ತುಂಬ ಹೊತ್ತು ಕೌಂಟರ್ ಒರೆಸಿದ. "ಹೇಳ್ತೀನಿ ಅತ್ತಿಗೆ. ಈ ಭಾನುವಾರ ಹೇಳೇ ಹೇಳ್ತೀನಿ."

ಭಾನುವಾರ ಅವಳು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಳು.

"ಕ್ಯಾಪ್ಟನ್, ಅತ್ತಿಗೆ ವಿಷಯ... ಸ್ವಲ್ಪ ನೋಡ್ಕೊಂಡು..." ಕುಳ್ಳನ ಧ್ವನಿ.

"ಏನಂತೆ?"

ಡ್ರೈವರ್ ನಡುವೆ ಬಾಯಿ ಹಾಕಿದ. "ಕೂಲಿ ಮತ್ತೆ ಚೀಲ ಹೊರೋಕೆ ಹೊರಟ ಕಣೋ!"

ಆಮೇಲೆ ಕುಳ್ಳನ ನಗುವೇ ಎಲ್ಲರಿಗಿಂತ ಜೋರಾಗಿ ಕೇಳಿಸಿತು. "ನಾನ್ಯಾಕೋ ಹೊರ್ಲಿ! ನಿನ್ನ ಹೆಂಡ್ತಿ ಅಂಗಡಿಗೆ ಬಂದು ಚಾಡಿ ಹೇಳ್ತಾಳೆ, ಹದ್ದುಬಸ್ತಿನಲ್ಲಿ ಇಟ್ಕೋ ಅಂದೆ, ಅಷ್ಟೇ."

ಇನ್ನು ಇವರು ಎದ್ದು ಹೋಗುತ್ತಾರೆ, ಚಿಲಕ ಬೀಳುತ್ತದೆ. ಆದರೆ ಗೆಳೆಯರ ಎದುರು ಗಂಡ ಒಮ್ಮೆಯೂ ಕೈ ಎತ್ತಿದವನಲ್ಲ. ಬಾಗಿಲು ಇನ್ನೂ ತೆರೆದೇ ಇತ್ತು.

ಪರ್ಸು ಹಿಡಿದು ನಡುಮನೆಗೆ ಬಂದಳು. "ಹಾಲು ಮುಗೀತು, ತರ್ತೀನಿ."

ಕ್ಯಾಪ್ಟನ್ ಹಲ್ಲು ಕಿರಿದ. "ಬೇಗ ಬಾ. ಮಾತಾಡೋದಿದೆ."

ಲಾಂಡ್ರಿಯ ಹಿಂದೆಯೇ ಅಲ್ಲಿನ ಮೇಲ್ವಿಚಾರಕಿಯ ಮನೆ. ಅಷ್ಟು ದೂರವೂ ಬಸ್ಸು ಹತ್ತದೆ ನಡೆದೇ ಹೋದಳು. ಆಕೆ ಅವಳ ಮುಖ ನೋಡಿ, ಏನೂ ಕೇಳದೆ ಒಳಗೆ ಕರೆದುಕೊಂಡಳು.

ಕೆಲವು ದಿನ ಕಳೆದು ಕುಳ್ಳ ಬಂದು ಹೊಸ್ತಿಲಾಚೆ ನಿಂತ. "ವಾಪಸ್ ಬನ್ನಿ ಅತ್ತಿಗೆ. ಇನ್ಮೇಲೆ ಹೊಡೆಯಲ್ಲ ಅಂತ ನನ್ನ ಹತ್ರ ಹೇಳಿದ್ದಾನೆ."

"ಪೊಲೀಸರ ಹತ್ರ ನಾನು ಹೋಗ್ತೀನಿ. ನನ್ನ ಕತ್ತಿನ ಮೇಲೆ ನೀವು ಕಂಡದ್ದನ್ನ ಬಂದು ಹೇಳ್ತೀರಾ?"

ಕುಳ್ಳ ಚಪ್ಪಲಿ ನೋಡುತ್ತ ನಿಂತ. "ನನಗೆ ಅಂತ ಇರೋದು ಅವರಿಬ್ಬರೇ, ಅತ್ತಿಗೆ."

ಅವನಿಲ್ಲದೆಯೇ ದೂರು ಕೊಟ್ಟಳು. ಪೊಲೀಸರು ಕ್ಯಾಪ್ಟನ್‌ನನ್ನು ಕರೆಸಿ, ಗದರಿಸಿ ಕಳಿಸಿದರು. ಈಗಲೂ ಕೆಲವು ಸಂಜೆ ಅವನು ಲಾಂಡ್ರಿಯ ಎದುರಿನ ಬೀದಿಯಲ್ಲಿ ನಿಂತಿರುತ್ತಾನೆ, ಅಕ್ಕಪಕ್ಕ ಅವರಿಬ್ಬರು. ಅವಳು ಕಿಟಕಿಗೆ ಬೆನ್ನು ಹಾಕಿ ಇಸ್ತ್ರಿ ಮಾಡುತ್ತಾಳೆ. ಒಬ್ಬಳೇ ಹೊರಗೆ ಕಾಲಿಡುವುದಿಲ್ಲ.

"ಹೋದ್ರಾ?" ಎಂದು ಕೇಳುತ್ತಾಳೆ.

"ಇನ್ನೂ ಇದ್ದಾರೆ. ಆ ಬೆಡ್‌ಶೀಟ್ ರಾಶಿ ಮುಗಿಸು, ಆಮೇಲೆ ನೋಡೋಣ" ಎನ್ನುತ್ತಾಳೆ ಮೇಲ್ವಿಚಾರಕಿ.